ಬುಧವಾರ ಒಂದೂಕಾಲರ ರೀಸ್ಟಾರ್ಟಪ್ಪ

"ಅಮ್ಮಾ, ಕೆಳಗಿನ ಮನೆ ಮಾಮ ಕೂತಲ್ಲಿಂದಾನೇ ಎಲ್ಲ ಕಂಪ್ಯೂಟರನ್ನೂ ಮಲಗಿಸಿ ಎಬ್ಬಿಸ್ತಾರಂತೆ. ಹಾಗಾದ್ರೆ ಬೆಳಿಗ್ಗೆ ನನ್ನನ್ನೂ ಅವರೇ ಅಲ್ಲಿಂದ ಎಬ್ಬಿಸ್ಬೋದಲ್ಲ, ನೀನ್ಯಾಕೆ ಬಂದು ಹೊದಿಕೆ ಎಳೀತೀಯ?"

ಮಗಳಿಗೆ ಐದು ವರ್ಷ. ಈ ಪ್ರಶ್ನೆ ಕೇಳಿದ್ದು ಒಂದು ಕಾಲಿಗೆ ಸಾಕ್ಸ್ ಹಾಕಿಸಿಕೊಂಡು, ಇನ್ನೊಂದು ಕಾಲನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು, ಶಾಲೆಯ ವ್ಯಾನ್ ಬರಲು ಆರು ನಿಮಿಷ ಇರುವಾಗ. ಆ ಹೊತ್ತಿನಲ್ಲಿ ನನ್ನ ಬಾಯಿಂದ ಬರುವ ಉತ್ತರ ಒಂದೇ, "ಕಾಲು ನೀಡು." ವ್ಯಾನ್ ಹೋದ ಮೇಲೆ ಯೋಚಿಸಿದೆ. ಕೆಳಗಿನ ಮನೆಯ ಮಾಮನಿಗೆ ಅಂಥ ಶಕ್ತಿ ಇರುವುದು ನಿಜ. ಆದರೆ ಎಬ್ಬಿಸುವವರನ್ನು ಯಾರೂ ಪ್ರೀತಿಯಿಂದ ನೋಡುವುದಿಲ್ಲ. ಇದನ್ನು ನಾನು ದಿನವೂ ಬೆಳಿಗ್ಗೆ ಏಳು ಗಂಟೆಗೆ ಮಗಳ ಮುಖದಲ್ಲಿ ಓದುತ್ತೇನೆ. ಅವರು ವಾರಕ್ಕೊಮ್ಮೆ ಇನ್ನೂರ ಹದಿನಾಲ್ಕು ಮುಖಗಳಲ್ಲಿ ಓದುತ್ತಾರೆ.

ಅವರ ಮನೆ ನಮ್ಮ ಕಟ್ಟಡದ ನೆಲಮಹಡಿಯಲ್ಲಿ, ನಮ್ಮದು ಅದರ ಮೇಲೆ. ಕೆಲಸವೂ ಒಂದೇ ಕಂಪನಿಯಲ್ಲಿ. ರಟ್ಟಿನ ಪೆಟ್ಟಿಗೆ ತಯಾರಿಸುವ ಕಂಪನಿ ಅದು. ನಾನು ಆಡಳಿತ ವಿಭಾಗದಲ್ಲಿ ಪತ್ರ, ಸುತ್ತೋಲೆ, ನೋಟಿಸ್ ಬರೆಯುವವಳು. ಅವರು ಅಲ್ಲಿನ ಇನ್ನೂರ ಹದಿನಾಲ್ಕು ಕಂಪ್ಯೂಟರ್‌ಗಳನ್ನು ಒಬ್ಬರೇ ನೋಡಿಕೊಳ್ಳುವವರು. ಮನೆಯ ಹತ್ತಿರ ನನ್ನನ್ನು "ಏನಮ್ಮಾ" ಅನ್ನುತ್ತಾರೆ, ಆಫೀಸಿನ ಗೇಟು ದಾಟಿದ ಕೂಡಲೇ "ಮೇಡಂ" ಅನ್ನುತ್ತಾರೆ. ನಾನೂ ಅಷ್ಟೇ, ಇಲ್ಲಿ "ಅಣ್ಣ", ಅಲ್ಲಿ "ಸರ್". ಉಳಿದವರು ಎದುರಿಗೆ ಏನೂ ಕರೆಯುವುದಿಲ್ಲ. ಬೆನ್ನ ಹಿಂದೆ ರೀಸ್ಟಾರ್ಟಪ್ಪ.

ಅವರಿಗೆ ಈಗ ಐವತ್ತೆರಡು. ಮೊದಲು ಟೈಪ್‌ರೈಟರ್ ರಿಪೇರಿಯ ಅಂಗಡಿ ಇಟ್ಟಿದ್ದರಂತೆ. ರಿಪೇರಿಗೆ ಬರುವ ಯಂತ್ರಗಳು ಕಡಿಮೆಯಾಗಿ, ಕೊನೆಗೆ ತೂಕಕ್ಕೆ ಹಾಕಲು ಬರುವ ಯಂತ್ರಗಳೇ ಹೆಚ್ಚಾದಾಗ ಅಂಗಡಿ ಮುಚ್ಚಿ, ನಲವತ್ತನೇ ವಯಸ್ಸಿನಲ್ಲಿ ಕಂಪ್ಯೂಟರ್ ತರಗತಿಗೆ ಸೇರಿದರು. ಅಲ್ಲಿ ಮೊದಲ ದಿನ ಎಲ್ಲರೂ ಎದ್ದುನಿಂತು ನಮಸ್ಕಾರ ಮಾಡಿದರಂತೆ, ಮೇಷ್ಟ್ರು ಬಂದರೆಂದು. ಅವರೂ ಕೈಮುಗಿದು ಹೋಗಿ ಕೊನೆಯ ಬೆಂಚಿನಲ್ಲಿ ಕೂತರಂತೆ. ನಮ್ಮ ಕಂಪನಿಗೆ ಮೂರು ತಿಂಗಳ ಗುತ್ತಿಗೆಯ ಮೇಲೆ ಬಂದರು. ಆ ಮೂರು ತಿಂಗಳು ಇನ್ನೂ ಮುಗಿದಿಲ್ಲ, ಹನ್ನೊಂದು ವರ್ಷವಾಯಿತು.

ಈ ವರ್ಷ ಕಾಯಂ ಮಾಡುವವರ ಪಟ್ಟಿಯಲ್ಲಿ ಅವರ ಹೆಸರು ಸೇರಿತ್ತು. ಮೇಲಿನಿಂದ ನಾಲ್ಕನೆಯದು. ಪಟ್ಟಿ ಟೈಪ್ ಮಾಡಿದವಳು ನಾನೇ ಆದ್ದರಿಂದ ಗೊತ್ತು. ಎಂಡಿಯವರ ಸಹಿಯೊಂದು ಬಾಕಿ ಇತ್ತು.

ಅವರ ಕೋಣೆ ಮೆಟ್ಟಿಲ ಕೆಳಗಿದೆ. ಒಬ್ಬರು ಕೂತರೆ ಇನ್ನೊಬ್ಬರು ಬಾಗಿಲಲ್ಲೇ ನಿಲ್ಲಬೇಕು. ಸರ್ವರ್ ಬಿಸಿಯಾಗಬಾರದೆಂದು ಏಸಿ ಹದಿನೆಂಟರಲ್ಲೇ ಓಡುತ್ತದೆ. ಮನುಷ್ಯ ತಣ್ಣಗಾದರೆ ಚಿಂತೆಯಿಲ್ಲ. ಹೊರಗೆ ಬೆವರು ಸುರಿಯುವ ಬಿಸಿಲಿರುವಾಗ ಅವರು ಸ್ವೆಟರ್ ಹಾಕಿ, ಕುತ್ತಿಗೆಗೆ ಮಫ್ಲರ್ ಸುತ್ತಿ, ಪರದೆಯ ಮೇಲಿನ ಹೆಸರುಗಳ ಪಟ್ಟಿಯನ್ನು ನೋಡುತ್ತಾ ಕೂತಿರುತ್ತಾರೆ. ಓಡುತ್ತಿರುವ ಯಂತ್ರಕ್ಕೆ ಹಸಿರು ಚುಕ್ಕೆ, ಆರಿದ ಯಂತ್ರಕ್ಕೆ ಬೂದು ಚುಕ್ಕೆ. ಅವರ ಲೋಕದಲ್ಲಿ ಇರುವುದು ಆ ಎರಡೇ ಬಣ್ಣ. ಮೇಲಿನ ಮಹಡಿಗಳಿಗೆ ಅವರು ಹತ್ತುವುದಿಲ್ಲ. "ಇಲ್ಲೇ ಎಲ್ಲ ಕಾಣತ್ತೆ, ಅಲ್ಲಿ ಹೋಗಿ ನೋಡೋಕೇನಿದೆ" ಅನ್ನುವುದು ಅವರ ಜಂಭ. ಯಂತ್ರಗಳನ್ನು ಅವರು ಪಾಪದವು ಅನ್ನುತ್ತಾರೆ. ಕಂಪ್ಯೂಟರ್ ತಪ್ಪು ಮಾಡುವುದಿಲ್ಲವಂತೆ, ಅದರ ಮುಂದೆ ಕೂತಿರುವುದು ಮಾಡುತ್ತದಂತೆ. 'ಕೂತಿರುವವರು' ಎನ್ನುವಷ್ಟು ಮರ್ಯಾದೆಯನ್ನೂ ನಮಗೆ ಅವರು ಕೊಟ್ಟಿಲ್ಲ.

ಹೊಸ ಅಪ್‌ಡೇಟುಗಳು ಒಳಗೆ ಕೂರಬೇಕಾದರೆ ವಾರಕ್ಕೊಮ್ಮೆ ಯಂತ್ರಗಳನ್ನೆಲ್ಲ ನಿಲ್ಲಿಸಿ ಎಬ್ಬಿಸಬೇಕು. ಎಲ್ಲ ಆಫೀಸುಗಳಲ್ಲೂ ಈ ರೀಸ್ಟಾರ್ಟ್ ಕೆಲಸ ಜನ ಮನೆಗೆ ಹೋದ ಮೇಲೆ ನಡೆಯುತ್ತದಂತೆ. ನಮ್ಮಲ್ಲಿ ಅದು ಸಾಧ್ಯವಿಲ್ಲ. ಸಂಜೆ ಏಳಕ್ಕೆ ವಾಚ್‌ಮನ್ ಒಂದೊಂದೇ ಮಹಡಿಯ ಮೇನ್ ಸ್ವಿಚ್ ಎಳೆದುಬಿಡುತ್ತಾನೆ. ಎಂಡಿಯವರ ವಿದ್ಯುತ್ ಉಳಿತಾಯ ಯೋಜನೆ. ಹೀಗಾಗಿ ಬುಧವಾರ ಮಧ್ಯಾಹ್ನ ಒಂದೂಕಾಲು, ಎಲ್ಲರೂ ಊಟಕ್ಕೆ ಏಳುವ ಹೊತ್ತು ನಿಗದಿಯಾಯಿತು. ಒಂದು ಗಂಟೆಗೆ ಎಲ್ಲರ ಪರದೆಯ ಮೇಲೂ ಒಂದು ಚೀಟಿ ಮೂಡುತ್ತದೆ: ತೆರೆದದ್ದನ್ನೆಲ್ಲ ಸೇವ್ ಮಾಡಿಕೊಳ್ಳಿ, ಹದಿನೈದು ನಿಮಿಷದಲ್ಲಿ ಈ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಮೊದಮೊದಲು ಚೀಟಿಯ ಕೆಳಗೆ 'ಆಮೇಲೆ' ಎನ್ನುವ ಗುಂಡಿಯೂ ಇತ್ತು. ಮೂರು ತಿಂಗಳು ಇಡೀ ಕಂಪನಿ ಆ ಗುಂಡಿಯನ್ನೇ ಒತ್ತಿತು. ಅಷ್ಟೊಂದು ಒಗ್ಗಟ್ಟನ್ನು ನಮ್ಮವರಲ್ಲಿ ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಕೊನೆಗೆ ಅವರು ಗುಂಡಿಯನ್ನು ಕಿತ್ತುಹಾಕಿದರು. ಅವರಿಗೆ ಆ ಹೆಸರು ಬಿದ್ದದ್ದು ಅಂದಿನಿಂದ.

ಲೆಕ್ಕಪತ್ರ ವಿಭಾಗದ ಹಿರಿಯರು ಪ್ರತಿ ಬುಧವಾರ ಒಂದೂ ಇಪ್ಪತ್ತಕ್ಕೆ ತಲೆಯ ಮೇಲೆ ಕೈ ಹೊತ್ತು, ಬೆಳಗಿನಿಂದ ಮಾಡಿದ್ದೆಲ್ಲ ಹೋಯಿತು ಅನ್ನುತ್ತಾರೆ. ಬೆಳಗಿನಿಂದ ಅವರು ಮಾಡಿದ್ದು ಇಸ್ಪೀಟು ಎನ್ನುವುದು ಅವರ ಹಿಂದಿನ ಸಾಲಿಗೆಲ್ಲ ಗೊತ್ತು. ಮಾರಾಟದವನೊಬ್ಬ ಒಂದಕ್ಕೆ ಐದು ನಿಮಿಷ ಇರುವಾಗ ತನ್ನ ಕೇಬಲ್ ಕಿತ್ತು, ಎರಡು ಗಂಟೆಗೆ ಮತ್ತೆ ಸಿಕ್ಕಿಸಿ, ಗುರುವಾರ ಬೆಳಿಗ್ಗೆ ಫೋನ್ ಮಾಡಿ ತನ್ನ ಕಂಪ್ಯೂಟರ್ ಯಾಕೆ ಇಷ್ಟು ನಿಧಾನ ಎಂದು ಕೂಗಾಡುತ್ತಾನೆ. ನಾನೂ ಸಾಚಾ ಅಲ್ಲ. ಅರ್ಧ ಬರೆದ ಸುತ್ತೋಲೆ ಎರಡು ಸಲ ಹೋದಾಗ ಆ ಹೆಸರನ್ನು ನಾನೂ ಗೊಣಗಿದ್ದೇನೆ.

ಮನೆಯಲ್ಲೂ ಅವರಿಗೆ ಅಂಥ ಮರ್ಯಾದೆಯೇನಿಲ್ಲ. ಹೆಂಡತಿ ಬಟ್ಟೆ ಹೊಲಿಯುತ್ತಾರೆ, ಕತ್ತರಿಯ ಜೊತೆ ನಾಲಿಗೆಯೂ ಚುರುಕು. ಹೊಲಿಗೆ ಯಂತ್ರದ ದಾರ ಸಿಕ್ಕಿಕೊಂಡರೂ ಒಂದು ಸಲ ನಿಲ್ಲಿಸಿ ಶುರುಮಾಡಿ ನೋಡು ಅನ್ನುತ್ತಾರಂತೆ ಗಂಡ. ಜಗಳವಾದರೆ ಎದ್ದು ಹೊರಗೆ ಹೋಗಿ, ಹದಿನೈದು ನಿಮಿಷ ಬಿಟ್ಟು ಏನೂ ನಡೆದೇ ಇಲ್ಲದವರಂತೆ ಒಳಗೆ ಬಂದು ಟೀ ಕೇಳುತ್ತಾರಂತೆ. "ಇವರು ಮರೀತಾರೆ, ನಾನು ಸೇವ್ ಮಾಡಿಟ್ಕೊಂಡಿರ್ತೀನಿ" ಎಂದು ನನ್ನ ಕುಪ್ಪಸದ ಅಳತೆ ತೆಗೆಯುತ್ತಾ ಆಕೆ ಹೇಳಿದ್ದರು.

ಹೀಗೆ ನಡೆಯುತ್ತಿದ್ದ ಬದುಕಿಗೆ ಈ ವಾರ ಬೆಂಕಿ ಬಿತ್ತು.

ಬುಧವಾರ ನಮ್ಮ ಆಫೀಸಿಗೆ ಪರವೂರಿನ ದೊಡ್ಡ ಕಂಪನಿಯ ನಾಲ್ವರು ಬರುವವರಿದ್ದರು. ಅವರು ಒಪ್ಪಿದರೆ ಮುಂದಿನ ಐದು ವರ್ಷ ಅವರ ಸಾಬೂನೆಲ್ಲ ನಮ್ಮ ಪೆಟ್ಟಿಗೆಯಲ್ಲಿ. ಎಂಡಿಯವರು ಮಂಗಳವಾರ ಬೆಳಿಗ್ಗೆ ಮೆಟ್ಟಿಲ ಕೆಳಗಿನ ಇವರಿಗೆ ಫೋನ್ ಮಾಡಿ, ನಾಳೆ ಊಟಕ್ಕೆ ಮೊದಲು ಮೀಟಿಂಗ್ ಇದೆ, ತನ್ನ ಕಂಪ್ಯೂಟರನ್ನು ಮುಟ್ಟಕೂಡದು ಎಂದರು. ಈ ವಾರ ಎಲ್ಲರದ್ದನ್ನೂ ಬಿಟ್ಟುಬಿಡಲೇ ಎಂದು ಇವರು ಕೇಳಿದರಂತೆ. ಬೇಡ, ನಿಯಮ ನಿಯಮವೇ, ಒಂದು ವಾರವೂ ತಪ್ಪಬಾರದೆಂದು ತಾನೇ ಸಹಿ ಹಾಕಿದ್ದೇನೆ ಎಂದರಂತೆ ಎಂಡಿ. ಇವರು ಫೋನ್ ಇಟ್ಟು, ಪಟ್ಟಿಯಲ್ಲಿ 'ಎಂಡಿ-1' ಎಂಬ ಹೆಸರನ್ನು ಹುಡುಕಿ, ಬುಧವಾರದ ಸರದಿಯಿಂದ ಅದನ್ನು ತೆಗೆದರು. ಚುಕ್ಕೆ ಹಸಿರಾಗಿಯೇ ಇತ್ತು.

ಆ ಹಸಿರು ಚುಕ್ಕೆಯ ಮೇಲೆ ಅವರಿಗೆ ಬಹಳ ಗೌರವ. ಎಂಡಿಯವರ ಕಂಪ್ಯೂಟರ್ ಊಟದ ಹೊತ್ತಿನಲ್ಲೂ ಓಡುತ್ತಿರುತ್ತದೆ, ಭಾನುವಾರವೂ ಓಡುತ್ತಿರುತ್ತದೆ, ದೊಡ್ಡವರಾದವರು ಸುಮ್ಮನೆ ಆಗಲಿಲ್ಲ ಎಂದು ನನ್ನ ಮುಂದೆ ಎಷ್ಟೋ ಸಲ ಹೊಗಳಿದ್ದರು.

ಅದೇ ಮಂಗಳವಾರ ಸಂಜೆ ಎಂಡಿ ನನ್ನನ್ನೂ ಕರೆದರು. ತಮ್ಮ ಕಂಪ್ಯೂಟರ್ ರಿಪೇರಿಗೆ ಹೋಗಿದೆ, ಬರುವವರ ಕಣ್ಣಿಗೆ ಮೇಜು ಖಾಲಿ ಕಾಣಬಾರದು, ಎಲ್ಲಿಂದಾದರೂ ಒಂದನ್ನು ತರಿಸಿಡಿ ಎಂದರು. ನಾನು ಅಟೆಂಡರಿಗೆ ಹೇಳಿದೆ. ಅವನು ಸ್ಟೋರಿನ ಮೂಲೆಯಲ್ಲಿದ್ದ ಒಂದನ್ನು ಹೊತ್ತು ತಂದು, ಧೂಳು ಒರೆಸಿ, ಜೋಡಿಸಿಟ್ಟ. ಸ್ಟೋರಿನವರು ಅದರ ಮೇಲೆ ರಸೀದಿ ಪುಸ್ತಕಗಳನ್ನು ಪೇರಿಸುತ್ತಿದ್ದರು, ಬಹುಕಾಲದಿಂದ ಅದನ್ನು ಯಾರೂ ಹಚ್ಚಿರಲಿಲ್ಲ. ಕಂಪ್ಯೂಟರ್ ರಿಪೇರಿ ಎಂದ ಮೇಲೆ ಅದು ಮೆಟ್ಟಿಲ ಕೆಳಗಿನವರ ಕೈಯಲ್ಲೇ ಇರುತ್ತದಲ್ಲ, ಅವರಿಗೆ ಬೇರೆ ಯಾಕೆ ಹೇಳುವುದು ಎಂದುಕೊಂಡೆ. ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ಮಗಳನ್ನು ಕರೆತರುವ ಹೊತ್ತಾಗಿತ್ತು, ಹೊರಟುಬಿಟ್ಟೆ.

ಬುಧವಾರ ಮೀಟಿಂಗಿನಲ್ಲಿ ಟಿಪ್ಪಣಿ ಬರೆದುಕೊಳ್ಳಲು ನಾನೂ ಕೂತಿದ್ದೆ. ಒಂದು ಗಂಟೆಗೆ ಸರಿಯಾಗಿ ಗೋಡೆಯ ದೊಡ್ಡ ಪರದೆಯ ಮೇಲೆ ಆ ಚೀಟಿ ಮೂಡಿತು. ಎಂಡಿ ನಕ್ಕು, ಇದು ಉಳಿದವರಿಗೆ, ನನಗಲ್ಲ ಎಂದು ಅತಿಥಿಗಳಿಗೆ ಹೇಳಿ ಅದನ್ನು ಮುಚ್ಚಿದರು. ನಮ್ಮಲ್ಲಿ ಶಿಸ್ತು ಹೇಗಿದೆ ನೋಡಿ ಎಂದೂ ಸೇರಿಸಿದರು. ಒಂದೂಕಾಲಿಗೆ ಅವರು ಹದಿನೇಳನೇ ಪುಟದಲ್ಲಿದ್ದರು. ಆ ಪುಟದಲ್ಲಿ ದಪ್ಪಕ್ಷರಗಳಲ್ಲಿ 'ನಮ್ಮಲ್ಲಿ ಯಾವ ಯಂತ್ರವೂ ನಿಲ್ಲುವುದಿಲ್ಲ' ಎಂದಿತ್ತು. ಅದನ್ನು ಓದಿ ಹೇಳಲು ಅವರು ಬಾಯಿ ತೆರೆದರು, ಪರದೆ ಕಪ್ಪಾಯಿತು.

ಒಂದೆರಡು ನಿಮಿಷದಲ್ಲಿ ಎದ್ದು ಬಂದಿದ್ದರೆ ನಗೆಯಲ್ಲಿ ಮುಗಿಯುತ್ತಿತ್ತು. ಆದರೆ ತಿಂಗಳುಗಟ್ಟಲೆ ನಿದ್ದೆ ಹೋಗಿದ್ದ ಯಂತ್ರ ಅದು. ಬಾಕಿ ಇದ್ದ ಅಪ್‌ಡೇಟುಗಳನ್ನೆಲ್ಲ ಒಟ್ಟಿಗೇ ಹಾಕಿಕೊಳ್ಳಲು ಕೂತಿತು. ಶೇಕಡಾ ಮೂರು, ದಯವಿಟ್ಟು ಆಫ್ ಮಾಡಬೇಡಿ ಎಂದಿತು. ಶೇಕಡಾ ನಾಲ್ಕಾಗುವಷ್ಟರಲ್ಲಿ ಅತಿಥಿಗಳಲ್ಲಿ ಒಬ್ಬರು ಕೈಗಡಿಯಾರ ನೋಡಿಕೊಂಡರು. ಹನ್ನೊಂದಾಗುವಷ್ಟರಲ್ಲಿ ಊಟ ತಣ್ಣಗಾಯಿತು. ನಲವತ್ತೆರಡು ನಿಮಿಷದ ಮೇಲೆ ಅದು ಪೂರ್ತಿ ಎಚ್ಚೆತ್ತು ಸ್ವಾಗತ ಎಂದಾಗ ಕೋಣೆಯಲ್ಲಿದ್ದವಳು ನಾನೊಬ್ಬಳೇ. ಅತಿಥಿಗಳು ಪತ್ರ ಬರೆಯುತ್ತೇವೆಂದು ಹೇಳಿ ಹೋಗಿದ್ದರು. ಎಂಡಿ ಅವರನ್ನು ಗೇಟಿನವರೆಗೆ ಬಿಟ್ಟು, ನೇರವಾಗಿ ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿದ್ದರು. ಅಲ್ಲಿನ ಮಾತು ಮೂರನೇ ಮಹಡಿಗೂ ಕೇಳಿಸಿತಂತೆ. ಒಳಗೆ ಇಬ್ಬರು ನಿಲ್ಲಲು ಜಾಗವಿಲ್ಲದ್ದರಿಂದ ಬಾಗಿಲಲ್ಲೇ ನಿಂತು ಕೂಗಬೇಕಾಯಿತಲ್ಲ, ಅದಕ್ಕೇ ಅಷ್ಟು ಚೆನ್ನಾಗಿ ಕೇಳಿಸಿತು.

ಇವರು ಹೇಳಿದ್ದು ಒಂದೇ ಮಾತಂತೆ, ಸಾರ್ ಎಂಡಿ-1 ಅನ್ನು ನಾನು ಮುಟ್ಟಿಲ್ಲ, ನೋಡಿ, ಇನ್ನೂ ಹಸಿರಿದೆ. ಎಂಡಿಯ ಮುಖ ಮೊದಲೇ ಕೆಂಪಾಗಿತ್ತು. ಆ ಮಾತು ಕೇಳಿದ ಮೇಲೆ ಸ್ವಲ್ಪ ಬಿಳಿಚಿಕೊಂಡಿತು ಅನ್ನುತ್ತಾನೆ ಅಟೆಂಡರ್. ಆದರೆ ಕೂಗು ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಾಯಿತು.

ಗುರುವಾರ ಬೆಳಿಗ್ಗೆ ನನಗೆ ಆಜ್ಞೆ ಬಂತು. ಕರ್ತವ್ಯಲೋಪಕ್ಕಾಗಿ ಗುತ್ತಿಗೆಯನ್ನು ಯಾಕೆ ರದ್ದುಪಡಿಸಬಾರದು, ಸೋಮವಾರದೊಳಗೆ ಲಿಖಿತ ಉತ್ತರ ಕೊಡಿ ಎಂದು ಕಾರಣ ಕೇಳಿ ನೋಟಿಸ್ ತಯಾರಿಸಬೇಕು. ಉತ್ತರವನ್ನು ಮೂವರ ಸಮಿತಿ ಓದುತ್ತದೆ, ಕಾಯಂ ಪಟ್ಟಿ ಅಲ್ಲಿಯವರೆಗೆ ತಡೆಯಲಾಗಿದೆ ಎಂದೂ ಬರೆಯಬೇಕು. ಬರೆದೆ. ಸಲೀಸಾಗಿಯೇ ಬರೆದೆ, ಅದನ್ನು ಒಪ್ಪಿಕೊಳ್ಳಬೇಕು. ತಿಂಗಳಿಗೆ ಎರಡಾದರೂ ನೋಟಿಸ್ ಬರೆಯುವವಳಿಗೆ ಅದರ ಸಾಲುಗಳು ತಾವಾಗಿ ಬಂದುಬಿಡುತ್ತವೆ. ಕೊನೆಯಲ್ಲಿ ಅವರ ಹೆಸರು ಹಾಕುವಾಗ ಮಾತ್ರ ಒಂದು ಕ್ಷಣ ನಿಂತೆ, ಅವರ ನಿಜವಾದ ಹೆಸರು ನೆನಪಿಗೆ ಬರಲಿಲ್ಲ. ಕಡತ ತೆಗೆದು ನೋಡಿಕೊಂಡೆ.

ನಿನ್ನೆ ಶುಕ್ರವಾರ ಸಂಜೆ ಅವರು ಮೇಲೆ ಬಂದರು. ನಾನು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದೆ, ಮಗಳು ನೆಲದ ಮೇಲೆ ಬಣ್ಣ ಬಳಿಯುತ್ತಿದ್ದಳು. ಸ್ವೆಟರ್ ಇಲ್ಲದೆ ಅವರು ಅರ್ಧದಷ್ಟೇ ಕಾಣುತ್ತಿದ್ದರು. ಸ್ಟೂಲಿನ ಮೇಲೆ ಕೂತು, ಯಾರದೋ ಕಥೆ ಎಂಬಂತೆ ಹೇಳಿದರು.

ನೋಟಿಸ್ ಕೈಗೆ ಬಂದ ಮೇಲೆ ಅವರು ಎಂಡಿ-1ನ್ನೇ ನೋಡುತ್ತಾ ಕೂತರಂತೆ. ಎಂಡಿಯವರ ಕೋಣೆಯಲ್ಲಿ ಇರುವುದು ಸ್ಟೋರಿನ ಯಂತ್ರ ಎಂದು ಅಟೆಂಡರ್ ಆಗಲೇ ಹೇಳಿದ್ದ. ಪಟ್ಟಿಯಲ್ಲಿ ಅದಕ್ಕೆ ಸ್ಟೋರಿನ ಹೆಸರೇ ಇದ್ದುದರಿಂದ ಬುಧವಾರದ ಸರದಿಯಲ್ಲಿ ಅದೂ ನಿಂತಿತ್ತು. ಹಾಗಾದರೆ ಹಸಿರಾಗಿ ಓಡುತ್ತಿರುವ ಈ ಎಂಡಿ-1 ಎಲ್ಲಿದೆ? ಇಂಟರ್ನೆಟ್ ಇದ್ದರೆ ಸಾಕು, ಯಂತ್ರ ಆಫೀಸಿನ ಹೊರಗಿದ್ದರೂ ಪಟ್ಟಿಯಲ್ಲಿ ಹಸಿರಾಗಿಯೇ ಕಾಣುತ್ತದಂತೆ. ದೂರದಿಂದಲೇ ಸಹಾಯ ಮಾಡಲು ಅವರ ಬಳಿ ಒಂದು ಕಿಟಕಿ ಇದೆ, ಇಲ್ಲಿ ಬರೆದದ್ದು ಆ ಯಂತ್ರದ ಪರದೆಯ ಮೇಲೆ ಕಾಣುತ್ತದೆ. ಅದರಲ್ಲಿ, ಸಹಾಯ ಬೇಕೇ ಎಂದು ಬರೆದರಂತೆ. ಬಹಳ ಹೊತ್ತಿನ ಮೇಲೆ, ಒಂದೊಂದೇ ಅಕ್ಷರ ಹುಡುಕಿ ಒತ್ತಿದಂತೆ ಉತ್ತರ ಬಂತು. ಬೇಕು, ಅಕ್ಷರ ದೊಡ್ಡದು ಮಾಡು. ಯಾರೆಂದು ಕೇಳಿದರೆ, ನಾನು ಮಗಳ ಮನೆಗೆ ಬಂದಿದ್ದೀನಪ್ಪ, ಧಾರಾವಾಹಿ ನೋಡ್ತಿದ್ದೀನಿ, ಅಳಿಯಂದಿರು ಆಫೀಸಿಂದ ತಂದುಕೊಟ್ಟಿದ್ದಾರೆ ಎಂದು ಬಂತು.

ಎಂಡಿಯವರ ಅತ್ತೆ. ಭಾನುವಾರವೂ ದುಡಿಯುತ್ತಿದ್ದ ಹಸಿರು ಚುಕ್ಕೆ ಅದು.

ಪ್ರತಿ ಬುಧವಾರ ಊಟದ ಹೊತ್ತಿಗೆ ಸರಿಯಾಗಿ ಧಾರಾವಾಹಿ ನಿಂತುಹೋಗುತ್ತಿತ್ತು, ಈ ವಾರ ನಿಲ್ಲಲಿಲ್ಲ, ಸರಿಮಾಡಿದವನು ನೀನೇ ಆದರೆ ದೇವರು ಚೆನ್ನಾಗಿಟ್ಟಿರಲಿ ಎಂದೂ ಆ ಮುದುಕಿ ಬರೆದರಂತೆ. ಹನ್ನೊಂದು ವರ್ಷದಲ್ಲಿ ಈ ಕೆಲಸಕ್ಕೆ ಒಳ್ಳೆಯ ಮಾತು ಬಂದದ್ದು ಇದೇ ಮೊದಲು ಎನ್ನುವಾಗ ಅವರ ದನಿ ಸ್ವಲ್ಪ ಒದ್ದೆಯಾಯಿತು. ನಾನು ಈರುಳ್ಳಿಯ ಕಡೆಗೆ ಬಾಗಿದೆ.

"ಅಕ್ಷರ ದೊಡ್ಡದು ಮಾಡಿಕೊಟ್ರಾ?" ಎಂದು ಕೇಳಿದೆ.

"ಮಾಡ್ದೆ. ಕೇಳಿದ್ಮೇಲೆ ಮಾಡ್ದೆ ಇರೋಕಾಗತ್ತೇನಮ್ಮ."

ಇವರ ಹೆಂಡತಿಗೆ ಇದನ್ನೆಲ್ಲ ಕೇಳಿ ಮೈ ಉರಿದುಹೋಯಿತಂತೆ. ಕಂಪನಿಯ ಸೊತ್ತನ್ನು ಮನೆಗೆ ಸಾಗಿಸಿದವರು ಅವರು, ನೋಟಿಸ್ ಇವರಿಗೆ. ಸಮಿತಿಯ ಮುಂದೆ ಹೋಗಿ ಎಲ್ಲವನ್ನೂ ಬಿಚ್ಚಿಡಿ, ಇಷ್ಟು ವರ್ಷ ಕಾಯಂ ಆಗದೇ ಉಳಿದದ್ದು ಹೀಗೆ ಮೆತ್ತಗಿದ್ದುದಕ್ಕೇ ಎಂದು ಹಟ ಹಿಡಿದಿದ್ದಾರಂತೆ. ಇವರು ಬಿಚ್ಚಿಡಲು ಒಪ್ಪಲಿಲ್ಲ. ಬಿಚ್ಚಿಟ್ಟರೆ ಎಂಡಿಗೆ ಅವಮಾನ, ಅವಮಾನವಾದ ಎಂಡಿ ಪಟ್ಟಿಗೆ ಸಹಿ ಹಾಕುವವರಲ್ಲ. ಸುಮ್ಮನೆ ತಪ್ಪು ಒಪ್ಪಿಕೊಂಡರೂ ಕೆಲಸ ಹೋಗುತ್ತದೆ. ಇಷ್ಟನ್ನೂ ಅವರು ಬೆರಳು ಮಡಚಿ ಮಡಚಿ ಹೇಳಿದರು. ದಿನವೂ ನೋಡುವ ಆ ಪೆದ್ದು ಮುಖದ ಹಿಂದೆ ಇಷ್ಟು ಲೆಕ್ಕಾಚಾರ ಓಡುತ್ತಿರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಸ್ಟೋರಿನದನ್ನ ತರ್ಸಿದ್ದು ನೀವು ಅಂತ ಅಟೆಂಡರ್ ಹೇಳ್ದ" ಅಂದರು, ನನ್ನ ಮುಖ ನೋಡದೆ. "ಅದನ್ನ ನಾನು ಎಲ್ಲೂ ಬರೀತಿಲ್ಲ."

ಚಾಕು ಕೆಳಗಿಟ್ಟೆ. ಅದರಲ್ಲಿ ಬೆದರಿಕೆ ಇತ್ತೋ ಉಪಕಾರ ಇತ್ತೋ ನನಗೆ ಈಗಲೂ ಸ್ಪಷ್ಟವಿಲ್ಲ. ಎರಡೂ ಇದ್ದಿರಬೇಕು. ತಪ್ಪು ನನ್ನದೂ ಇತ್ತು, ಹಾಗೆಂದು ಹೇಳಿಯೂಬಿಟ್ಟೆ. ಅವರು ಕೈ ಅಲ್ಲಾಡಿಸಿ, ಅದು ಬಿಡಿ ಎಂದರು.

ಆಮೇಲೆ ಜೇಬಿನಿಂದ ನಾಲ್ಕಾಗಿ ಮಡಚಿದ ಹಾಳೆ ತೆಗೆದು ನನ್ನ ಮುಂದಿಟ್ಟರು. ಉತ್ತರದ ಕರಡು. ಪರಿಶೀಲಿಸದೆ ಇದ್ದದ್ದಕ್ಕೆ ವಿಷಾದಿಸುತ್ತೇನೆ, ಇನ್ನು ಮುಂದೆ ಪ್ರತಿ ಮಹಡಿಗೂ ಹೋಗಿ ಕಣ್ಣಾರೆ ನೋಡುತ್ತೇನೆ ಎಂದೆಲ್ಲ ಇತ್ತು. ಟೈಪ್‌ರೈಟರ್ ಕಾಲದ ಅಕ್ಷರ, ಗುಂಡಗೆ, ಒತ್ತಿ ಬರೆದದ್ದು. ಸಮಿತಿಯ ಇಬ್ಬರಿಗೆ ಇದು ಕ್ಷಮೆ ಕೇಳಿದ ಹಾಗೆ ಕಾಣಬೇಕು ಎಂದರು. ಮೂರನೆಯವರಾದ ಎಂಡಿಯವರಿಗೆ ಮಾತ್ರ ಓದುತ್ತಿದ್ದ ಹಾಗೇ ಎದೆ ಧಸಕ್ಕೆನ್ನಬೇಕು. ಸುಳ್ಳಿನ ಒಂದು ಪದವೂ ಇರಬಾರದು. ಆ ಅಜ್ಜಿಯ ಸುದ್ದಿ, ಮನೆಯ ಸುದ್ದಿ ಬರಬಾರದು. ಅವರಿಗೆ ಹೊಳೆದದ್ದು ಒಂದು ಸಾಲು, ಅದನ್ನು ಎಲ್ಲಿ ಸೇರಿಸಿದರೆ ತೀರಾ ಎದ್ದು ಕಾಣುವುದಿಲ್ಲ ಎನ್ನುವುದು ಮಾತ್ರ ತಿಳಿಯುತ್ತಿಲ್ಲವಂತೆ.

ಮಗಳು ಬಣ್ಣ ಬಳಿಯುವುದನ್ನು ನಿಲ್ಲಿಸಿ ಅವರನ್ನೇ ನೋಡುತ್ತಿದ್ದಳು.

"ನಿಮಗೆ ಇಂಥದ್ದೆಲ್ಲ ಬರೆದು ಅಭ್ಯಾಸ ಇದೆ" ಎಂದರು. "ಎಂಡಿ-1ರ ಮುಂದೆ ಕೂತಿದ್ದೋರು ಕೇಳಿಕೊಂಡ ಪ್ರಕಾರ ಗುರುವಾರ ಮಧ್ಯಾಹ್ನ ಅಕ್ಷರಗಳನ್ನ ದೊಡ್ಡದು ಮಾಡಿಕೊಟ್ಟಿದೀನಿ, ಅಂತ. ಇಷ್ಟು. ಇದೊಂದು ಸಾಲನ್ನ ನೀಟಾಗಿ ಮಧ್ಯದಲ್ಲಿ ಎಲ್ಲಾದರೂ ಕೂರಿಸಿಕೊಡ್ತೀರಾಮ್ಮ?"